ನಂಬರ್ ಇಲ್ಲದ ಟ್ರೇಲರ್ ಓಣ್ಯಾಗ ನಿಂತೈತಿ, ಸಹಾಯ ಬೇಕು

ವಿಜಯಪುರ ಮಂದಿ, ಒಂದ್ ಸಲಹೆ ಬೇಕಿತ್ರಿ. ಕಬ್ಬಿನ ಸೀಜನ್ ಮುಗದಾಗಿಂದ ನಮ್ಮ ಮನಿ ಎದುರಿಗೆ ನಂಬರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ನಿಂತೈತಿ. ರಿಜಿಸ್ಟ್ರೇಶನ್ನೇ ಆಗಿಲ್ಲಂತ. ನೀರಿನ ಟ್ಯಾಂಕರ್ ಒಳಗ ಬರಾಕ ಆಗವಲ್ದು. ಬಾಜೂ ಮನಿ ಹುಡುಗಂದ ಅದು. ಎರಡು ಸಲ ಹೇಳಿದೆ, "ಇಂಜಿನ್ ಇಲ್ಲದ್ದು ಗಾಡಿ ಹೆಂಗಾಕೈತ್ರೀ ಕಾಕಾ" ಅಂತ ನಕ್ಕ. ಆದ್ರ 1988ರ ಮೋಟಾರು ವಾಹನ ಕಾಯ್ದೆಯೊಳಗ ಟ್ರೇಲರೂ ಮೋಟಾರು ವಾಹನನೇ!

ನನಗ ತಿಳೀಲಾರದ್ದು ಇಷ್ಟ. 39ನೇ ಕಲಂ ನೋಂದಣಿ ಇಲ್ಲದ ಗಾಡಿ ಓಡಿಸಬಾರದು ಅಂತೈತಿ, ನಿಲ್ಲಿಸೋದರ ಮಾತಿಲ್ಲ. 127ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಾಗ 10 ತಾಸು ಬಿಟ್ಟುಹೋದ ಗಾಡಿನ ಪೊಲೀಸರು ಎಳಿಸಬಹುದು. ಮಾಲಕ ಬಾಜೂಕನ ಇದ್ರೂ ಇದು ಲಾಗೂ ಆಗತೈತೇನ್ರಿ? ಅರ್ಜಿ ಮೊದಲು ಟ್ರಾಫಿಕ್ ಠಾಣೆಗೆ ಕೊಡಬೇಕೋ, ಪಾಲಿಕೆಗೋ, ಆರ್‌ಟಿಓಗೋ?