ಪಾಪ್-ಎ ಕಡಿಮೆ ಬಂದರೆ ಆಸ್ಪಿರಿನ್ ಯಾಕೆ?

ವಿದ್ಯಾನಗರದ ಸೊಸೆ, ಹುಬ್ಬಳ್ಳಿ: ನನಗೀಗ 12 ವಾರ, ಚೊಚ್ಚಲು. ಡಬಲ್ ಮಾರ್ಕರ್ ರಕ್ತ ಪರೀಕ್ಷೆಯಲ್ಲಿ ಪಾಪ್-ಎ 0.38 ಎಂಒಎಂ ಬಂದಿದೆ. ಡೌನ್ ಸಿಂಡ್ರೋಮ್ ಭಯವಿಲ್ಲವಂತೆ. ಆದರೂ ಡಾಕ್ಟರ್ ಆಸ್ಪಿರಿನ್ ಬರೆದಿದ್ದಾರೆ. ಅದು ಹಾರ್ಟಿನ ಗುಳಿಗೆ, ಬಸುರಿಗೆ ಯಾಕೆ ಅಂತಾರೆ ನಮ್ಮತ್ತಿ. ನುಂಗಲಾ ಬೇಡವಾ?

ಧಾರವಾಡದ ಲ್ಯಾಬ್ ಅಕ್ಕ: ತಂಗಿ, ಪಾಪ್-ಎ ಮುಖ್ಯವಾಗಿ ಮಾಸು ತಯಾರಿಸುವ ಪ್ರೋಟೀನ್. ಅದೇ ವಾರದ ಬಸುರಿಯರಲ್ಲಿ ನಡುವಿನ ಮಟ್ಟವನ್ನು 1 ಎಂಒಎಂ ಅಂತಾರೆ. ನಿಮ್ಮದು ಅರ್ಧಕ್ಕಿಂತ ಕಡಿಮೆ. ಮಾಸು ಸರಿಯಾಗಿ ಬೇರೂರಿಲ್ಲ ಅನ್ನೋ ಸುಳಿವಿರಬಹುದು. ಆಗ ಮುಂದೆ ಬಿಪಿ ಏರುವ, ಕೂಸಿನ ತೂಕ ಕಡಿಮೆಯಾಗುವ ಸಂಭವ ಸ್ವಲ್ಪ ಜಾಸ್ತಿ. ಸುಳಿವು ಅಷ್ಟೇ, ರೋಗವಲ್ಲ. ಇದೊಂದೇ ನಂಬರ್ ಹಿಡಿದು ಹೆದರಬೇಡಿ. ಬಿಪಿ, ಡಾಪ್ಲರ್ (ಗರ್ಭಕೋಶದ ರಕ್ತನಾಳದಲ್ಲಿ ಹರಿವು ನೋಡುವ ಸ್ಕ್ಯಾನ್), ಪಿಎಲ್‌ಜಿಎಫ್ (ರಕ್ತದಲ್ಲಿ ಅಳೆಯುವ ಮಾಸಿನ ಇನ್ನೊಂದು ಪ್ರೋಟೀನ್) ಸೇರಿಸಿ ಲೆಕ್ಕ ಹಾಕಿದರೆ ಅಂದಾಜು ಗಟ್ಟಿ.

ಗದಗಿನ ಫಾರ್ಮಸಿ ಹುಡುಗ: ಅತ್ತಿಯವರಿಗೆ ಇದನ್ನು ಹೇಳ್ರಿ ಅಕ್ಕಾರ. 2017ರ ಆಸ್ಪ್ರೆ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದವರಿಗೆ ದಿನಾ ರಾತ್ರಿ 150 ಮಿಲಿಗ್ರಾಂ ಕೊಟ್ಟರು, 36 ವಾರದವರೆಗೆ. 37 ವಾರದೊಳಗಿನ ಪ್ರಿಎಕ್ಲಾಂಪ್ಸಿಯಾ (ಬಸುರಿಗೆ ಬಿಪಿ ಏರಿ ಅಂಗಾಂಗಗಳಿಗೆ ತೊಂದರೆಯಾಗುವ ಕಾಯಿಲೆ) 4.3 ಪರ್ಸೆಂಟ್‌ನಿಂದ 1.6ಕ್ಕೆ ಇಳಿಯಿತು. 16 ವಾರದೊಳಗೆ ಶುರು ಮಾಡಬೇಕು. ಅಲ್ಸರ್, ಆಸ್ತಮಾ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ.

ವಿದ್ಯಾನಗರದ ಸೊಸೆ: ಎರಡೂ ಇಲ್ಲ. ಇವತ್ತು ರಾತ್ರಿಯಿಂದಲೇ ಶುರು. ಡಾಪ್ಲರ್ ಬಗ್ಗೆ ಸೋಮವಾರ ಕೇಳ್ತೀನಿ.