ಫ್ರೆಂಚ್ ಬಾರದವರು ‘ಆಂಜ್’ ತಂಡವನ್ನು ಹೇಗೆ ಕೇಳಬೇಕು?

ಪ್ರಶ್ನೆ (ಶಿರಸಿ):
ನಮಸ್ಕಾರ. ಎಪ್ಪತ್ತರ ದಶಕದ ಪ್ರೊಗ್ರೆಸಿವ್ ರಾಕ್ ಕೇಳುತ್ತ ಬಂದವನು ಈಗ ಫ್ರಾನ್ಸಿನ ಬೆಲ್ಫೋರ್ ಊರಿನ ಆಂಜ್ ತಂಡಕ್ಕೆ ತಲುಪಿದ್ದೇನೆ. ಅವರ 1973ರ ಆಲ್ಬಮ್ಮಿನ ಮೊದಲ ಹಾಡು ‘ಸೆ ಜಾನ್ ಲಾ’. ಅದರಲ್ಲಿ ಗಾಯಕ ಕ್ರಿಸ್ತಿಯಾನ್ ದೆಕಾಂ ಹಾಡುವುದಕ್ಕಿಂತ ಹೆಚ್ಚಾಗಿ ಯಾರನ್ನೋ ಬೈಯುತ್ತಿರುವಂತೆ ನನಗೆ ಕೇಳಿಸುತ್ತದೆ. ಭಾಷೆ ತಿಳಿಯದೆ ಇಂಥ ನಾಟಕೀಯ ಸಂಗೀತವನ್ನು ಪೂರ್ತಿ ಸವಿಯಲು ಸಾಧ್ಯವೇ? ಮುಂದೆ ಯಾವುದನ್ನು ಕೇಳಬೇಕು?

ಉತ್ತರ (ಹೊನ್ನಾವರ):
ಖಂಡಿತ ಸಾಧ್ಯ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಂದಲೇ ಅರ್ಥಧಾರಿಯು ದನಿಯ ಏರಿಳಿತದಿಂದ ಪಾತ್ರವನ್ನು ಎದುರು ನಿಲ್ಲಿಸುತ್ತಾನೆ. ದೆಕಾಂ ಮಾಡುವುದೂ ಅದನ್ನೇ. ಅವರ ತಮ್ಮ ಫ್ರಾನ್ಸಿಸ್ ನುಡಿಸುವ ಆರ್ಗನ್ ಹಿಮ್ಮೇಳದಂತೆ ಆ ದನಿಯನ್ನು ಹೊತ್ತು ನಡೆಯುತ್ತದೆ. 1974ರ ‘ಓ-ದೆಲಾ ದ್ಯು ದೆಲೀರ್’ ಕೇಳಿ. ಬಳಿಕ, ಅಷ್ಟಾಗಿ ಹೆಸರು ಕೇಳಿಸದ ಮೋನಾ ಲೀಸಾ ತಂಡದ 1975ರ ‘ಗ್ರಿಮಾಸ್’ ಕೇಳಿ. ಅದರ ಗಾಯಕ ದೊಮಿನಿಕ್ ಲ ಗೆನೆಕ್ ಆಂಜ್‌ನ ದಾರಿಯನ್ನೇ ಹಿಡಿದವರಾದರೂ, ನನ್ನ ಕಿವಿಗೆ ಅವರ ದನಿಯಲ್ಲಿ ವಿದೂಷಕನ ಗುಣ ಹೆಚ್ಚು.

ಉತ್ತರ (ಕುಮಟಾ):
ಹೊನ್ನಾವರದವರ ಹೋಲಿಕೆ ಸರಿಯಾಗಿದೆ, ಆದರೆ ಅದರಿಂದ ತೆಗೆದ ತೀರ್ಮಾನವನ್ನು ನಾನು ಒಪ್ಪಲಾರೆ. ತಾಳಮದ್ದಳೆಗೆ ಹೋಗುವ ನಮಗೆ ಪ್ರಸಂಗ ಮೊದಲೇ ಗೊತ್ತಿರುತ್ತದೆ. ಕಥೆ ಗೊತ್ತಿರುವುದರಿಂದಲೇ ದನಿಯ ಸಣ್ಣ ತಿರುವೂ ನಮ್ಮನ್ನು ತಟ್ಟುತ್ತದೆ. ಇಲ್ಲಿಯೂ ಹಾಗೆಯೇ ಮಾಡಿ: ಸಾಹಿತ್ಯದ ಅನುವಾದವನ್ನು ಒಮ್ಮೆ ಓದಿಕೊಂಡು, ಪಕ್ಕಕ್ಕಿಟ್ಟು ಕೇಳಿ. ನೀವು ಹೇಳಿದ ಹಾಡು ಮೂಲತಃ ಬೆಲ್ಜಿಯಮ್ಮಿನ ಜಾಕ್ ಬ್ರೆಲ್ ಅವರದು. ಒಬ್ಬಾತ ಒಂದು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಹೀಗಳೆಯುತ್ತ ಬಂದು, ಕೊನೆಗೆ ತಾನು ಪ್ರೀತಿಸುವ ಅದೇ ಮನೆಯ ಫ್ರಿದಾಳ ಹೆಸರೆತ್ತುತ್ತಾನೆ. ಹಾಗಾಗಿ ಅದು ಬರಿಯ ಬೈಗುಳವಲ್ಲ. 1975ರ ‘ಎಮಿಲ್ ಜಾಕೊತೆ’ಯನ್ನಂತೂ ಬಿಡಬೇಡಿ, ಕುದುರೆಗೆ ಲಾಳ ಕಟ್ಟುತ್ತಿದ್ದ, ಹಳ್ಳಿಯ ಐತಿಹ್ಯಗಳನ್ನು ಬಲ್ಲ ಒಬ್ಬ ವೃದ್ಧ ಕಮ್ಮಾರರ ಹೆಸರು ಅದು, ಅವರ ಸ್ವಂತ ದನಿಯೂ ಅದರಲ್ಲಿ ಮುದ್ರಿತವಾಗಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅನುವಾದ ಓದಿ ನಿನ್ನೆ ರಾತ್ರಿ ಅದೇ ಹಾಡನ್ನು ಮತ್ತೆ ಕೇಳಿದೆ. ಮಾತುಮಾತಿಗೂ ಬರುವ ‘ಮಸ್ಯೊ’ ಎಂಬುದು ಎದುರಿಗಿರುವ ಯಾರನ್ನೋ ‘ಸ್ವಾಮಿ’ ಎಂದು ಕರೆಯುವ ಸಂಬೋಧನೆಯೆಂದು ಈಗ ತಿಳಿಯಿತು. ಫ್ರಿದಾಳ ಹೆಸರು ಬಂದ ಕೂಡಲೇ ಹಿಂದಕ್ಕೆ ಸರಿಸಿ, ಅಷ್ಟನ್ನೇ ಮೂರು ಸಲ ಕೇಳಿದೆ.