'ಐ ಆಮ್ ಹ್ಯಾವಿಂಗ್ ಎ ಕಾರ್' ಯಾಕೆ ತಪ್ಪು?

ಪ್ರಶ್ನೆ: 'ಐ ಆಮ್ ಹ್ಯಾವಿಂಗ್ ಲಂಚ್' ಸರಿಯಂತೆ, 'ಐ ಆಮ್ ಹ್ಯಾವಿಂಗ್ ಎ ಕಾರ್' ತಪ್ಪಂತೆ. ಎರಡರಲ್ಲೂ ಇರೋದು ಒಂದೇ ಕ್ರಿಯಾಪದ ಅಲ್ವಾ?

ಉತ್ತರ 1: ಪದ ಒಂದೇ, ಅರ್ಥ ಎರಡು. ಲಂಚ್ ಜೊತೆಗಿನ 'ಹ್ಯಾವ್' ಅಂದ್ರೆ ತಿನ್ನೋದು. ಅದು ಕ್ರಿಯೆ, ಶುರುವಾಗಿ ಮುಗಿಯುತ್ತೆ. ಕಾರಿನ 'ಹ್ಯಾವ್' ಬರೀ ಸ್ಥಿತಿ. ಕನ್ನಡದಲ್ಲೇ ಹೇಳಿ ನೋಡಿ: 'ಊಟ ಮಾಡ್ತಾ ಇದ್ದೀನಿ' ಅಂತೀವಿ, ಆದ್ರೆ 'ನನ್ನ ಹತ್ರ ಕಾರು ಇರ್ತಾ ಇದೆ' ಅನ್ನಲ್ಲ, 'ಕಾರಿದೆ' ಅಂತೀವಿ. ಅಷ್ಟೇ ವ್ಯತ್ಯಾಸ. ನೋ (know, ಗೊತ್ತಿರೋದು), ಓನ್ (own), ಬಿಲಾಂಗ್ (belong) ಇವೂ ಸ್ಥಿತಿಯ ಗುಂಪೇ, ಇವುಗಳ ಕೊನೆಗೆ ಐಎನ್‌ಜಿ ಅಂಟಿಸಬೇಡಿ.

ಉತ್ತರ 2: ಕ್ರಿಯೆ, ಸ್ಥಿತಿ ಎರಡೂ ಕಡೆ ಕಾಲಿಟ್ಟ ಕ್ರಿಯಾಪದಗಳೇ ತಲೆನೋವು. 'ದ ಸೂಪ್ ಟೇಸ್ಟ್ಸ್ ಸಾಲ್ಟಿ': ಉಪ್ಪಾಗಿರೋದು ಸೂಪಿನ ಗುಣ, ಐಎನ್‌ಜಿ ಬೇಡ. 'ದ ಕುಕ್ ಈಸ್ ಟೇಸ್ಟಿಂಗ್ ದ ಸೂಪ್': ಅಡುಗೆಯವರು ಚಮಚ ಹಿಡಿದು ರುಚಿ ನೋಡ್ತಿದ್ದಾರೆ, ಐಎನ್‌ಜಿ ಬೇಕು. 'ಥಿಂಕ್' ಕೂಡ ಹೀಗೇ. ಅಭಿಪ್ರಾಯ ಹೇಳುವಾಗ 'ಐ ಥಿಂಕ್ ಹಿ ಈಸ್ ರೈಟ್', ಇನ್ನೂ ಯೋಚನೆ ನಡೀತಿದ್ರೆ 'ಐ ಆಮ್ ಥಿಂಕಿಂಗ್ ಅಬೌಟ್ ಇಟ್'.

ಪ್ರಶ್ನೆ ಕೇಳಿದವರು: ಹಾಗಾದ್ರೆ ಮೆಕ್‌ಡೊನಾಲ್ಡ್ಸ್‌ನವರ 'ಐಯಾಮ್ ಲವಿನ್ ಇಟ್'?

ಉತ್ತರ 1: 2003ರಿಂದ ಓಡ್ತಿರೋ ಜಾಹೀರಾತು ಅದು. 'ಈ ಕ್ಷಣ ಸವೀತಾ ಇದ್ದೀನಿ' ಅನ್ನೋ ಆಡುಮಾತಿನ ಧಾಟಿ, ಮಾತಲ್ಲಿ ನಡೆಯುತ್ತೆ. ಪರೀಕ್ಷೆಯಲ್ಲಿ 'ಐ ಲವ್ ಇಟ್' ಅಂತಲೇ ಬರೀರಿ.